ಬೇಡ ಎಂದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಬಂದ ಮೇಲೆ ಹೊಸನಗರದಲ್ಲಿ ನಿವೃತ್ತ ಶಿಕ್ಷಕರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದರು. ನಾನೂ ಹೋಗಿದ್ದೆ. ಮಾತಾಡಿದವರೊಬ್ಬರು, "ಅವರದ್ದು ಸ್ವಲ್ಪ ಹಟದ ಸ್ವಭಾವ. ಏನು ಮಾಡಹೊರಟರೂ ಬೇಡ ಬೇಡ ಅಂತಿದ್ದರು. ಆದರೂ ಒಳ್ಳೆಯ ಹೆಂಗಸು" ಎಂದರು. ಕೂತವರೆಲ್ಲ ತಲೆಯಾಡಿಸಿದರು. ಆಮೇಲೆ ಕಾಫಿ ಬಂತು. ಆದರೂ ಅಂತೆ, ಆದರೂ. ಬೇಡ ಅಂದಿದ್ದಕ್ಕೇ ಅವರು ಒಳ್ಳೆಯವರು ಎಂದು ಹೇಳುವ ಒಬ್ಬ ಗಂಡಸೂ ಅಲ್ಲಿರಲಿಲ್ಲ. ನನ್ನನ್ನು ಮಾತಾಡಲು ಯಾರೂ ಕರೆಯಲಿಲ್ಲ. ಕರೆದರೆ ಇವನು ಏನು ಹೇಳಿಬಿಡುತ್ತಾನೋ ಎಂಬ ಅಂದಾಜು ಅವರಿಗಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿದ್ದೆ. ಅವರು ಅದೇ ಶಾಲೆಗೆ ವಿಜ್ಞಾನ ಕಲಿಸಲು ಬಂದರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎಂದೇ ಕರೆಯುವುದು. ಶಾಲೆಯಲ್ಲಿ ಬೇರೆ ಅಕ್ಕೋರುಗಳೂ ಇದ್ದರು. ಆದರೆ ಬರೀ ಅಕ್ಕೋರು ಅಂದರೆ ಇವರೇ ಎಂದು ಊರಿಗೆಲ್ಲ ಗೊತ್ತಿತ್ತು. ಎತ್ತರದ ಸಣಕಲು ಮೈ, ಗಂಡಸರ ವಾಚು, ಸೊಂಟದಲ್ಲಿ ಲ್ಯಾಬಿನ ಬೀಗದ ಕೈ. ನಗುವುದು ಕಡಿಮೆ. ನಕ್ಕರೆ ಎದುರಿದ್ದವರಿಗೆ, ನಾವೇನೋ ತಪ್ಪು ಹೇಳಿದೆವು ಎಂದೇ ಅನ್ನಿಸುತ್ತಿತ್ತು.

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಅದನ್ನು ನಾನೇ ಕೇಳಿದೆ. ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಆಸಿಡ್ಡಿನ ಒಡೆದ ಬಾಟಲಿಯೊಂದನ್ನು ಅವರ ಕೈಗೆ ಕೊಟ್ಟು, "ಏನೂ ಆಗಲ್ಲ, ಹಿಡ್ಕೋಮ್ಮ" ಎಂದಿದ್ದರಂತೆ ಅಲ್ಲಿನ ಲೆಕ್ಚರರು.

"ಅವ್ರು ಹೇಳಿದ್ದು ಸುಳ್ಳಲ್ಲ ಮೇಷ್ಟ್ರೇ. ಅವ್ರಿಗೆ ಏನೂ ಆಗ್ಲಿಲ್ಲ. ಆಗಿದ್ದು ನಂಗೆ" ಎಂದು ಟೀ ಲೋಟ ಎತ್ತಿಕೊಂಡರು.

ವಿಜ್ಞಾನ ವಸ್ತುಪ್ರದರ್ಶನದ ಹುಚ್ಚು ಆಗ ಎಲ್ಲ ಶಾಲೆಗಳಿಗೂ ಹಿಡಿದಿತ್ತು. ಮಳೆ ನಿಂತು ಚಳಿ ಶುರುವಾಯಿತೆಂದರೆ ಹೆಡ್‌ಮಾಸ್ತರುಗಳ ಮೈಮೇಲೆ ದೇವರು ಬಂದಂತೆ. ಮೊದಲು ಶಾಲೆಯಲ್ಲಿ, ಆಮೇಲೆ ಸಾಗರದಲ್ಲಿ, ಅಲ್ಲಿ ಗೆದ್ದರೆ ಇನ್ನೂ ಮೇಲೆ. ಗೆದ್ದ ಶಾಲೆಗೆ ಶೀಲ್ಡು. ಹೆಡ್‌ಮಾಸ್ತರರ ಫೋಟೋ ಪತ್ರಿಕೆಯಲ್ಲಿ. ಪ್ರತಿ ಶಾಲೆಯೂ ಶರಾವತಿ ಅಣೆಕಟ್ಟಿನ ಮಾದರಿ ಮಾಡುತ್ತಿತ್ತು. ಮನೆಯಲ್ಲಿ ಚಿಮಣಿ ಬುಡ್ಡಿ ಹಚ್ಚಿ ಓದುವ ಹುಡುಗರು ಕರೆಂಟು ಹುಟ್ಟುವ ಬಗೆಯನ್ನು ಅಧಿಕಾರಿಗಳಿಗೆ ವಿವರಿಸುತ್ತಿದ್ದರು, ಅಧಿಕಾರಿಗಳು "ವೆರಿ ಗುಡ್" ಎನ್ನುತ್ತಿದ್ದರು. ಎಲ್ಲರ ಚಾರ್ಟಿಗೂ ಅಕ್ಷರ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ಯಾರು ಏನು ಮಾಡುತ್ತಿದ್ದಾರೆ ಎಂಬುದು ನನ್ನ ಕಣ್ಣು ತಪ್ಪುತ್ತಿರಲಿಲ್ಲ.

ಮಕ್ಕಳು ಮಾಡುವ ಪ್ರಯೋಗದಿಂದ ಯಾರಿಗಾದರೂ ಅಪಾಯ ಇದೆಯೇ, ಯಾವ ಜೀವಕ್ಕಾದರೂ ಹಿಂಸೆ ಇದೆಯೇ ಎಂದು ನೋಡಬೇಕೆಂಬ ನಿಯಮ ಆಗ ಎಲ್ಲೂ ಇರಲಿಲ್ಲ. ಇದ್ದಿದ್ದರೂ ನಮ್ಮ ಕಡೆಗೆ ಬಂದಿರಲಿಲ್ಲ. ಅಕ್ಕೋರು ತಾವೇ ಆ ಕೆಲಸ ಮೈಮೇಲೆ ಹಾಕಿಕೊಂಡರು. ಪ್ರದರ್ಶನದ ಹಿಂದಿನ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದರು. ಬಾಟಲಿಯ ಮುಚ್ಚಳ ತೆಗೆಸಿ, ಕೈಯಿಂದ ಗಾಳಿ ಎಳೆದುಕೊಂಡು ಮೂಸುತ್ತಿದ್ದರು. ತಂತಿ ಎಳೆದು ನೋಡುತ್ತಿದ್ದರು. ಆಮೇಲೆ ಹುಡುಗನನ್ನು ಕೇಳುತ್ತಿದ್ದರು, "ಇದು ಕೆಟ್ಟು ಕೂತ್ರೆ ಯಾರಿಗೆ ತಾಗ್ತದೆ, ಹೇಳು." ಉತ್ತರ ಬಾರದಿದ್ದರೆ ಆ ಟೇಬಲ್ಲು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ವರ್ಷ ಒಬ್ಬ ಹುಡುಗ ರಕ್ತದ ಗುಂಪು ಕಂಡುಹಿಡಿಯುವ ಟೇಬಲ್ ಹಾಕಿದ್ದ. ಹಿಂದಿನ ಸಂಜೆ ಅಕ್ಕೋರು ಊರಲ್ಲಿರಲಿಲ್ಲ. ಅವತ್ತೂ ಬಸ್ಸು ತಪ್ಪಿ, ಅವರು ಬರುವಷ್ಟರಲ್ಲಿ ಉದ್ಘಾಟನೆ ಮುಗಿದಿತ್ತು. ಊರಿನ ಹಿರಿಯರೆಲ್ಲ ಬೆರಳು ಚಾಚಿ ಸಾಲುಗಟ್ಟಿದ್ದರು. ಎಲ್ಲರ ಮುಂದೆ ನಮ್ಮ ಹೆಡ್‌ಮಾಸ್ತರರು.

"ಎಷ್ಟು ಸೂಜಿ ಇದಾವೋ ನಿನ್ನತ್ರ?" ಎಂದರು ಅಕ್ಕೋರು.

"ಒಂದೇ ಅಕ್ಕೋರೆ. ಸ್ಪಿರಿಟ್ ಹಾಕಿ ಒರೆಸ್ತೀನಿ."

ಅಕ್ಕೋರು ಸಾಲಿನ ಕಡೆ ತಿರುಗಿದರು. "ಇಲ್ಲಿ ಯಾರಿಗೆಲ್ಲ ಕಾಮಾಲೆ ಆಗಿತ್ತು, ಸ್ವಲ್ಪ ಕೈ ಎತ್ತಿ."

ನಮ್ಮೂರಲ್ಲಿ ಕಾಮಾಲೆ ಆಗಿ ನಾಟಿ ಮದ್ದಿನಲ್ಲಿ ಗುಣವಾಗುವುದು ಒಂದು ಹೆಮ್ಮೆಯ ವಿಷಯ. ಕೆಲವರು ಖುಷಿಯಿಂದಲೇ ಕೈ ಎತ್ತಿದರು, ಒಬ್ಬರು ಮದ್ದು ಕೊಟ್ಟವನ ಊರಿನ ಹೆಸರೂ ಹೇಳಿದರು. "ಇವ್ರಿಗೆ ಚುಚ್ಚಿದ ಸೂಜೀನೇ ನಿಮ್ಗೂ ಚುಚ್ತಾನೆ. ಬೇಕಾದವ್ರು ನಿಂತ್ಕೊಳ್ಳಿ" ಎಂದರು ಅಕ್ಕೋರು. ಸಾಲು ಕರಗಿತು. ಹೆಡ್‌ಮಾಸ್ತರರು ಚಾಚಿದ ಬೆರಳನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಊರವರ ಎದುರು ಮರ್ಯಾದೆ ಹೋಯಿತೆಂದು ಅವರಿಗೆ ಸಿಟ್ಟು. ಕಾಮಾಲೆ ತಪ್ಪಿತೆಂದು ಸಂತೋಷಪಡುವ ಬುದ್ಧಿ ಬರಲಿಲ್ಲ.

ಬೇಡ ಎಂದು ಹೇಳಿ ಕೈ ತೊಳೆದುಕೊಳ್ಳುವ ಜಾತಿಯಲ್ಲ ಅವರು. ಅದನ್ನು ಯಾರೂ ಹೇಳುವುದಿಲ್ಲ, ಅದೇ ನನಗೆ ಹೊಟ್ಟೆ ಉರಿಯುವುದು. ಅದೇ ಹುಡುಗನನ್ನು ಕೂರಿಸಿಕೊಂಡು, ಆಸ್ಪತ್ರೆಯಿಂದ ಸೂಜಿಗಳನ್ನು ತರಿಸಿ, ಒಂದೊಂದನ್ನೂ ಕುದಿಸಿ, ಒಬ್ಬರಿಗೆ ಒಂದರಂತೆ ಇಟ್ಟರು. ಮೊದಲು ಚುಚ್ಚಿಸಿಕೊಂಡವರು ಅವರೇ. ಚುಚ್ಚಿಸಿಕೊಳ್ಳಲು ಬಂದ ಮಕ್ಕಳಿಗೆ ಮಾತ್ರ, "ಮನೇಲಿ ಕೇಳ್ಕಂಡು ಬಾ, ಆಮೇಲೆ" ಎಂದರು. ಮಕ್ಕಳ ಮೈಯಿಂದ ಒಂದು ಹನಿ ರಕ್ತ ತೆಗೆಯಲು ಮನೆಯವರನ್ನು ಕೇಳಬೇಕೆಂಬುದು ನಮಗೆ ಆಗ ತಮಾಷೆಯಾಗಿ ಕಂಡಿತ್ತು.

ಇನ್ನೊಂದು ಸಲ ಹುಡುಗಿಯೊಬ್ಬಳು ಕಪ್ಪೆಯನ್ನು ಜೀವಸಹಿತ ಹಲಗೆಗೆ ಮೊಳೆ ಹೊಡೆದು, ಎದೆ ಬಿಡಿಸಿ, ಬಡಿಯುವ ಹೃದಯ ತೋರಿಸಲು ತಯಾರಾಗಿದ್ದಳು. ನೋಡಲು ಜನ ಮುಗಿಬೀಳುತ್ತಾರೆ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಕ್ಕೋರು ಅಹಿಂಸೆಯ ಭಾಷಣ ಮಾಡುವವರಲ್ಲ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಸುಣ್ಣ ಹಚ್ಚಿ, ಬಿದ್ದ ಮೇಲೆ ಚಪ್ಪಲಿಯಲ್ಲಿ ಒರೆಸಿ ಮುಂದೆ ಹೋಗುತ್ತಿದ್ದರು. ತರಗತಿಯಲ್ಲಿ ಕ್ಲೋರೋಫಾರ್ಮ್ ಹಾಕಿ ಕಪ್ಪೆ ಕೊಯ್ದು ಪಾಠ ಮಾಡಿದವರೂ ಅವರೇ. ಆದರೆ ಆ ಹಲಗೆಯನ್ನು ಅವರು ಹೊರಗೆ ತೆಗೆದುಕೊಂಡು ಹೋದರು. "ಪಾಠಕ್ಕೆ ಒಂದ್ಸಲ ಕೊಯ್ದಿದೀವಿ, ಆಯ್ತು. ಜಾತ್ರೆಗೆ ಕೊಯ್ಯದಿಲ್ಲ" ಎಂದರು. ಹುಡುಗಿ ಅತ್ತಳು. ಅವಳನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಕಪ್ಪೆಯ ಮೊಟ್ಟೆ ತಂದು ಗಾಜಿನ ತೊಟ್ಟಿಯಲ್ಲಿ ಇಡಿಸಿದರು. ಮೊಟ್ಟೆ ಒಡೆದು ಗೊದಮೊಟ್ಟೆಗಳು ಈಜುವುದನ್ನು ನೋಡಲು ಪ್ರದರ್ಶನ ಮುಗಿದ ಮೇಲೂ ಮಕ್ಕಳು ಬರುತ್ತಿದ್ದರು. ಅದಕ್ಕೆ ಬಹುಮಾನ ಬರಲಿಲ್ಲ ಎಂದು ಹೆಡ್‌ಮಾಸ್ತರರು ಎರಡು ವರ್ಷ ಹಂಗಿಸಿದರು.

ಇಷ್ಟರವರೆಗಿನದು ಬರೀ ಮುನಿಸು. ಮುಂದಿನದು ಹಾಗಲ್ಲ.

ಆ ವರ್ಷ ಹೆಡ್‌ಮಾಸ್ತರರಿಗೆ ಶೀಲ್ಡು ಬೇಕೇ ಬೇಕಿತ್ತು. ಅವರಿಗೆ ಬೆನ್ನೆಲುಬಾಗಿ ಶಾಲೆಯ ಬೆಟರ್‌ಮೆಂಟ್ ಕಮಿಟಿಯ ಅಧ್ಯಕ್ಷರು. ಅಕ್ಕಿ ಗಿರಣಿ, ಲಾರಿ, ಬೇಕಾದಷ್ಟು ಜಮೀನು ಇದ್ದ ಸಾವ್ಕಾರರು. ಅವರ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದ. ಸಭ್ಯ ಹುಡುಗ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಅವನ ಹೆಸರಿನಲ್ಲಿ ಒಂದು ಟೇಬಲ್ ತಯಾರಾಯಿತು. ವಿಷಯ ಮಂಗನ ಕಾಯಿಲೆ.

ಮಂಗನ ಕಾಯಿಲೆ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಯ ಉಣುಗುಗಳು, ಎಂದರೆ ಉಣ್ಣೆಹುಳಗಳು, ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಸಾಸಿವೆ ಕಾಳಿಗಿಂತ ಸಣ್ಣವೂ ಇರುತ್ತವೆ. ಅಲ್ಲಿ ಓಡಾಡಿದವರಿಗೆ ಅವು ಕಚ್ಚಿದರೆ ಕೆಲವು ದಿನದಲ್ಲಿ ಉರಿಜ್ವರ. ತಲೆ ಸಿಡಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಒಸಡಿನಲ್ಲಿ ರಕ್ತ ಬರುತ್ತದೆ. ಉಳಿದವರು ಉಳಿದರು, ಹೋದವರು ಹೋದರು. ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಸೊಪ್ಪಿಗೂ ಸೌದೆಗೂ ಹೋಗಬೇಡಿ ಎಂದು ಡಂಗುರ ಸಾರುತ್ತಿದ್ದರು.

ಚಾರ್ಟಿಗೆ ಕೆಂಪು ಅಕ್ಷರದಲ್ಲಿ "ಮಂಗನ ಕಾಯಿಲೆ: ಮಲೆನಾಡಿನ ಶತ್ರು" ಎಂದು ಬರೆದವನು ನಾನು. ಟೇಬಲ್ಲಿನ ಮಧ್ಯೆ ಒಂದು ಮಂಗನ ಬುರುಡೆ. ಅದರ ಕಣ್ಣಿನ ಗುಳಿಯಲ್ಲಿ ಟಾರ್ಚಿನ ಬಲ್ಬು ಕೂರಿಸಿ ಕೆಂಪು ಕಾಗದ ಸುತ್ತಿದ್ದರು. ಸ್ವಿಚ್ಚು ಒತ್ತಿದರೆ ಕಣ್ಣು ಹೊತ್ತಿಕೊಳ್ಳುತ್ತಿತ್ತು. ಹೆಡ್‌ಮಾಸ್ತರರು ಅದನ್ನು ಒತ್ತಿ ಒತ್ತಿ ನೋಡಿ ಸಂಭ್ರಮಪಟ್ಟರು. ಸಾಗರಕ್ಕೆ ಲಾರಿ ಹೊರಡುವ ಹಿಂದಿನ ಸಂಜೆ, ಅದರ ಪಕ್ಕಕ್ಕೆ ಬಾಯಿಗೆ ತೆಳು ಬಟ್ಟೆ ಕಟ್ಟಿದ ಗಾಜಿನ ಬಾಟಲಿಗಳು ಬಂದು ಕೂತವು. ಒಳಗೆ ಏನೋ ಸಣ್ಣಗೆ ಹರಿದಾಡುತ್ತಿತ್ತು.

ಅಕ್ಕೋರು ಬಂದರು. ಸಾವ್ಕಾರರ ಮಗ ನೆಟ್ಟಗೆ ನಿಂತು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಇವನ್ನ ಎಲ್ಲಿ ಹಿಡಿದ್ರಿ?"

"ಮೇಲಿನ ಕಾಡಲ್ಲಿ ಅಕ್ಕೋರೆ. ಮಂಗ ಸತ್ತಿತ್ತಲ್ಲ, ಅಲ್ಲಿ. ಬಿಳೀ ಪಂಚೆ ತರಗೆಲೆ ಮೇಲೆ ಎಳೆದ್ರೆ ಅದಕ್ಕೇ ಹತ್ಕೊಂಡು ಬರ್ತಾವೆ. ಹೆಲ್ತಿನವ್ರು ಹಂಗೇ ಮಾಡೋದಂತೆ."

"ನೀನೂ ಹೋಗಿದ್ಯಾ?"

"ಇಲ್ಲ ಅಕ್ಕೋರೆ. ಅಪ್ಪಯ್ಯ ಆ ಕಡೆ ಕಾಲೂ ಇಡ್ಬೇಡ ಅಂದಿದ್ರು. ಹಾಸ್ಟೆಲ್ ಹುಡುಗ್ರು ಹೋಗಿ ತಂದುಕೊಟ್ರು."

ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದರಲ್ಲಿ ತಪ್ಪೇನಿದೆ ಎಂಬುದೂ ಅವನಿಗೆ ತಿಳಿಯಲಿಲ್ಲ. ತಿಳಿಯಬೇಕಾದವರು ಅವನ ಅಪ್ಪ, ಮತ್ತೆ ನಮ್ಮ ಹೆಡ್‌ಮಾಸ್ತರರು. ಗೊತ್ತಿಲ್ಲದೆ ಮಾಡಿದ ಕೆಲಸವಾಗಿದ್ದರೆ ನಾನು ಇಷ್ಟು ವರ್ಷದ ಮೇಲೆ ಹೀಗೆ ಕೂಗಾಡುತ್ತಿರಲಿಲ್ಲ. ಆ ಕಾಡಿಗೆ ಹೋದರೆ ಏನಾಗುತ್ತದೆ ಎಂದು ಸಾವ್ಕಾರರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸ್ವಂತ ಮಗನನ್ನು ಮನೆಯಲ್ಲಿ ಇಟ್ಟುಕೊಂಡರು. ಸರ್ಕಾರಿ ಹಾಸ್ಟೆಲ್ಲಿನ ಕೂಲಿಯವರ ಮಕ್ಕಳನ್ನು ಕಳಿಸಿದರು. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಾರೆ. ಇಲ್ಲಿ ಹೋಗುತ್ತಿದ್ದದ್ದು ದುಡ್ಡೂ ಅಲ್ಲ.

ಅಕ್ಕೋರು ಹಾಸ್ಟೆಲ್ಲಿನ ಹಂಡೆಯಲ್ಲಿ ನೀರು ಕುದಿಸಲು ಹೇಳಿದರು. ಬಾಟಲಿಗಳನ್ನು ಬಟ್ಟೆ ಬಿಚ್ಚದೆ ಹಾಗೇ ಅದರೊಳಗೆ ಇಳಿಸಿದರು. ಪಂಚೆ ಒಲೆಗೆ ಹೋಯಿತು. ಆಮೇಲೆ ಕಾಡಿಗೆ ಹೋಗಿದ್ದ ಹುಡುಗರನ್ನು ಬಚ್ಚಲಿಗೆ ಕರೆದುಕೊಂಡು ಹೋಗಲು ನನಗೆ ಹೇಳಿ, ತಾವು ಮುಚ್ಚಿದ ಬಾಗಿಲ ಹೊರಗೆ ನಿಂತರು.

"ಮೇಷ್ಟ್ರೇ, ಕಂಕುಳು ನೋಡಿ. ಕಿವಿ ಹಿಂದೆ ನೋಡಿ. ಮಂಡಿ ಹಿಂದ್ಗಡೆ ಮಡಿಕೆ ಬಿಡಿಸಿ ನೋಡಿ. ಸಿಕ್ಕಿದ್ರೆ ಕೈಯಲ್ಲಿ ಹಿಸುಕ್ಬೇಡಿ, ಚಿಮಟದಲ್ಲಿ ಮೆಲ್ಲಗೆ ಎಳೀರಿ."

ಸಿಕ್ಕಿದವು. ಎಂಟನೇ ಕ್ಲಾಸಿನ ಹೂವಪ್ಪ ಎಂಬ ಹುಡುಗನ ಮಂಡಿಯ ಹಿಂದೆ ಹೆಚ್ಚು. "ಕಚಗುಳಿ ಆಗ್ತದೆ ಸಾರ್" ಎಂದು ಅವನು ನಗುತ್ತ ಕುಣಿಯುತ್ತಿದ್ದ. ಹೊರಗಿನಿಂದ ಅಕ್ಕೋರು, "ನಗಾಡ್ತಾ ಇದಾನಾ? ನಗ್ಲಿ, ನಗ್ಲಿ. ನೀವು ಸರಿಯಾಗಿ ನೋಡಿ" ಎಂದರು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಹೆಡ್‌ಮಾಸ್ತರರು ಓಡಿಬಂದರು.

"ಎಂತ ಕೆಲ್ಸ ಮಾಡಿದ್ರಿ ಅಕ್ಕೋರೆ. ಬೆಳಿಗ್ಗೆ ಲಾರಿ ಬರ್ತದೆ. ಬಾಯಿ ಕಟ್ಟಿದ ಬಾಟ್ಲಿ ಮಾರಾಯ್ರೆ, ಏನೂ ಆಗಲ್ಲ."

"ಚಾರ್ಟ್ ಇದೆ. ಮೇಷ್ಟ್ರು ಉಣುಗಿನ ಚಿತ್ರ ದೊಡ್ಡದಾಗಿ ಬರ್ಕೊಡ್ತಾರೆ. ಅದನ್ನ ಕಳ್ಸಿ."

"ಚಿತ್ರಕ್ಕೆ ಯಾರು ಪ್ರೈಜ್ ಕೊಡ್ತಾರೆ? ಇನ್ನೊಂದ್ಸಲ ಹುಡುಗ್ರನ್ನ ಕಳ್ಸಿದ್ರೆ ಬೆಳಿಗ್ಗೆಯೊಳಗೆ ಸಿಗ್ತದೆ."

ಸಿಟ್ಟು ನೆತ್ತಿಗೇರಿದರೆ ಅಕ್ಕೋರ ಬಾಯಲ್ಲಿ ಅವರ ಮನೆಮಾತು ಬರುತ್ತಿತ್ತು. "ಇಲ್ಲೆ. ಆಗ್ತಿಲ್ಲೆ" ಎಂದರು. ಅಷ್ಟೇ. ಹಾಸ್ಟೆಲ್ಲಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಹುಡುಗರು ಉಂಡು ಮಲಗುವವರೆಗೆ ಅಲ್ಲೇ ಕೂತರು.

ಮುಂದೆ ಸುಮಾರು ದಿನ ಬೆಳಿಗ್ಗೆ ಸಂಜೆ ಹಾಸ್ಟೆಲ್ಲಿಗೆ ಹೋಗಿ ಅಷ್ಟೂ ಹುಡುಗರ ಬಾಯಿಗೆ ಥರ್ಮಾಮೀಟರ್ ಇಟ್ಟರು. ಅಂಥ ಗಟ್ಟಿ ಹೆಂಗಸು, ಥರ್ಮಾಮೀಟರನ್ನು ಬೆಳಕಿಗೆ ಹಿಡಿಯುವಾಗ ತುಟಿ ಬಿಳುಚಿಕೊಳ್ಳುತ್ತಿತ್ತು. ದೇವರ ದಯೆಯೋ, ಹೊತ್ತಿಗೆ ಸರಿಯಾಗಿ ಕಿತ್ತದ್ದೋ, ಯಾರಿಗೂ ಜ್ವರ ಬರಲಿಲ್ಲ. ಅದೇ ಅವರಿಗೆ ಮುಳುವಾಯಿತು. "ನೋಡಿ, ಏನೂ ಆಗ್ಲಿಲ್ಲ. ಸುಮ್ನೆ ರಾದ್ಧಾಂತ ಮಾಡಿ ಶಾಲೆಗೆ ಬರೋ ಪ್ರೈಜ್ ತಪ್ಸಿದ್ರು" ಎಂದು ಊರೆಲ್ಲ ಮಾತಾಯಿತು. ಗದ್ದೆಗೆ ಬೇಲಿ ಹಾಕಿದವನನ್ನು ಹಿಡಿದು, ದನವೇ ಬರಲಿಲ್ಲ, ಬೇಲಿ ಯಾಕೆ ಹಾಕಿದೆ ಎಂದು ಬಯ್ದ ಹಾಗೆ.

ಅಷ್ಟಕ್ಕೆ ನಿಂತಿದ್ದರೆ ಸೈರಿಸಿಕೊಳ್ಳಬಹುದಿತ್ತು. ಕಮಿಟಿಯಿಂದ ಮೇಲಕ್ಕೆ ಒಂದು ದೂರು ಹೋಯಿತು, ಈಕೆ ಗಂಡು ಮಕ್ಕಳ ಬಟ್ಟೆ ಬಿಚ್ಚಿಸಿ ನೋಡಿದರು ಎಂದು. ವಿಚಾರಣೆಗೆ ಬಂದ ಅಧಿಕಾರಿಯ ಎದುರು ನಿಂತು, ಬಾಗಿಲ ಒಳಗಿದ್ದವನು ನಾನು, ನೋಡಿದವನು ನಾನು, ಅವರು ಹೊರಗಿದ್ದರು ಎಂದು ಹೇಳಿದೆ. "ನಿಮ್ಮನ್ನ ಯಾರು ಕೇಳಿದ್ರು ಮೇಷ್ಟ್ರೇ?" ಎಂದ ಆ ಮಹಾನುಭಾವ. ಮಧ್ಯಾಹ್ನ ಅವನ ಊಟ ಸಾವ್ಕಾರರ ಮನೆಯಲ್ಲಿತ್ತು. ನಾನು ಹೇಳಿದ ಒಂದಕ್ಷರವನ್ನೂ ಅವನು ಬರೆದುಕೊಳ್ಳಲಿಲ್ಲ.

ಜೂನ್ ತಿಂಗಳಲ್ಲಿ ಅಕ್ಕೋರಿಗೆ ತೀರ್ಥಹಳ್ಳಿಯಿಂದಲೂ ಆಚೆ, ಮೇಗರವಳ್ಳಿ ಕಡೆಗೆ ವರ್ಗವಾಯಿತು. ಮಳೆಗಾಲದ ಬಾಯಿಗೆ ಅಲ್ಲಿಗೆ ಹಾಕುವುದು ಯಾಕೆಂದು ಇಲಾಖೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಬಸ್ಸು ಹತ್ತಿಸಲು ಹೋಗಿದ್ದೆ. ಏನಾದರೂ ನೊಂದ ಮಾತು ಆಡಿಯಾರು ಎಂದುಕೊಂಡಿದ್ದೆ. "ಆಸಿಡ್ ಬಾಟ್ಲಿ ಬೀರುವಿನ ಮೇಲಿನ ಹಲಗೇಲಿ ಇಡ್ಬೇಡಿ ಅಂತ ಹೊಸಬರಿಗೆ ಹೇಳಿ. ಮಕ್ಕಳು ಎಟಕಿಸಿ ತೆಗೆಯಕ್ಕೆ ಹೋಗ್ತಾರೆ" ಎಂದರು. ಬಸ್ಸು ಹೊರಟಿತು.

ಅಲ್ಲಿಯೂ ಅವರು ಬದಲಾಗಲಿಲ್ಲ ಎಂದು ಆಮೇಲೆ ಕೇಳಿದ್ದೇನೆ. ಎಂಬತ್ತರ ದಶಕದ ನಡುವೆ ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಪ್ರದರ್ಶನಕ್ಕೆ ಮೊದಲು, "ಅಕ್ಕೋರು ನೋಡಿದಾರಾ?" ಎಂದು ಕೇಳುವುದು ಒಂದು ರೂಢಿಯೇ ಆಗಿತ್ತಂತೆ. ಬೇರೆ ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ಅವರಿಗೆ ತೋರಿಸಿ ಹೋಗುತ್ತಿದ್ದರಂತೆ. ಉತ್ತಮ ಶಿಕ್ಷಕಿ ಎಂದು ಮಾತ್ರ ಯಾರೂ ಅವರ ಹೆಸರು ಸೂಚಿಸಲಿಲ್ಲ.

ಅವರಿಗೆ ವರ್ಗವಾದ ವರ್ಷವೇ ನನಗೂ ಸಾಗರಕ್ಕೆ ವರ್ಗವಾಗಿತ್ತು. ಚಳಿಗಾಲ ಬಂತು, ಪ್ರದರ್ಶನ ಬಂತು. ನಾನು ಹಾಲ್ ಒಳಗೆ ಕಾಲಿಟ್ಟರೆ ಎದುರಿಗೇ ಆ ಬುರುಡೆ, ಕೆಂಪು ಕಣ್ಣು ಬಿಟ್ಟುಕೊಂಡು. ಹಿಂದೆ ನಾನೇ ಬರೆದ ಚಾರ್ಟು. ಪಕ್ಕದಲ್ಲಿ ಬಾಟಲಿಗಳು. ಒಳಗೆ ಹರಿದಾಡುತ್ತಿದ್ದವು. ಸಾವ್ಕಾರರ ಮಗ ಈಗ ಹತ್ತನೇ ಕ್ಲಾಸು, ಇನ್ನೂ ಚೆನ್ನಾಗಿ ಪಾಠ ಒಪ್ಪಿಸುತ್ತಿದ್ದ.

ತೀರ್ಪುಗಾರರ ಬಳಿ ಹೋಗಿ, ಇದು ಜೀವಂತ ಉಣುಗು, ಇದನ್ನು ಹೇಗೆ ತಂದರೆಂದು ಕೇಳಿ ಎಂದು ಗೋಗರೆದೆ. ಒಬ್ಬರು ಬಾಟಲಿಯ ಬಾಯಿ ಮುಟ್ಟಿ ನೋಡಿ, "ಬಟ್ಟೆ ಕಟ್ಟಿದಾರಲ್ಲ ಮೇಷ್ಟ್ರೇ" ಎಂದರು. ಇನ್ನೊಬ್ಬರು, "ಇವ್ರಿಗೂ ಆ ಅಕ್ಕೋರ ಗಾಳಿ ಬಡ್ದಿದೆ" ಎಂದು ನಕ್ಕರು. ಸಂಜೆ ಮೊದಲ ಬಹುಮಾನ ಅದಕ್ಕೇ ಬಂತು. ಸ್ವಂತ ಸಂಶೋಧನೆ ಎಂದು ಮೈಕಿನಲ್ಲಿ ಹೊಗಳಿದರು. ಚಪ್ಪಾಳೆಯ ನಡುವೆ ನಾನು ಸಾವ್ಕಾರರ ಮಗನನ್ನು ಬದಿಗೆ ಕರೆದು, ಹಾಸ್ಟೆಲ್ ಹುಡುಗರು ಹೇಗಿದ್ದಾರೆ ಎಂದು ಕೇಳಿದೆ.

"ಹೂವಪ್ಪಂಗೆ ಮಾತ್ರ ಜ್ವರ ಸಾರ್. ಮನೆಗೆ ಕಳ್ಸಿದಾರೆ."

ನಾನು ಅಲ್ಲಿಂದ ನೇರ ಪೋಸ್ಟಾಫೀಸಿಗೆ ಹೋಗಿ ಅಕ್ಕೋರಿಗೆ ತಂತಿ ಕೊಟ್ಟೆ. ಮಾರನೇ ದಿನ ಸಂಜೆ ಅವರು ಹೊಸನಗರದ ಬಸ್ ನಿಲ್ದಾಣದಲ್ಲಿ ಇಳಿದರು. ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು. ಹಿಂದಿನ ದಿನವೇ ಹುಡುಗ ಹೋಗಿಬಿಟ್ಟಿದ್ದ. ಸಾದಾ ಜ್ವರ, ಕಷಾಯ ಕೊಡಿ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ಮನೆಯವರು ಹಾಗೇ ಮಾಡಿದ್ದರು. ಮೂಗಲ್ಲಿ ರಕ್ತ ಬಂದ ಮೇಲೆ ಗಾಬರಿಯಾಗಿ ಆಸ್ಪತ್ರೆಗೆ ಹೊತ್ತು ತಂದರು. ಇದು ಮಂಗನ ಕಾಯಿಲೆ, ಮೊದಲೇ ಯಾಕೆ ತರಲಿಲ್ಲ ಎಂದು ಡಾಕ್ಟರು ಅವರಿಗೇ ಬಯ್ದರು. ಹಾಸ್ಟೆಲ್ಲಿನ ಹುಡುಗರಿಂದ ಇನ್ನೊಂದು ಮಾತೂ ತಿಳಿಯಿತು. ಕೆಲವು ವಾರದ ಹಿಂದೆ, ಶಾಲೆಯ ಪ್ರದರ್ಶನಕ್ಕೆಂದು ಕಾಡಿಗೆ ಹೋಗು ಎಂದಾಗ ಹೂವಪ್ಪ, "ಅಕ್ಕೋರು ಬೇಡ ಅಂದಿದಾರೆ ಸಾರ್" ಎಂದನಂತೆ. "ಆ ಅಕ್ಕೋರು ಈಗ ಎಲ್ಲಿದಾರೋ?" ಎಂದು ಕೇಳಿದರಂತೆ ಹೆಡ್‌ಮಾಸ್ತರರು.

ಅಕ್ಕೋರಿಗೆ ಎಲ್ಲ ಹೇಳಿದೆ. ಅವರು ಬಸ್ ನಿಲ್ದಾಣದ ಕಂಬ ಹಿಡಿದುಕೊಂಡು ನಿಂತರು. ಆಮೇಲೆ, "ಅವನ ಮನೆಗೆ ಹೋಗಣ" ಎಂದರು.

ಹೂವಪ್ಪನ ಮನೆಯವರು ಹಿನ್ನೀರಿಗೆ ಗದ್ದೆ ಮುಳುಗಿದ ಮೇಲೆ ಕಾಡಿನ ಅಂಚಿಗೆ ಬಂದು ನೆಲೆಯಾದವರು. ಅಪ್ಪ ಕೂಲಿ. ನಾವು ಹೋದಾಗ ಮನೆಯ ಮುಂದೆ ಕೂತಿದ್ದ. ಅಕ್ಕೋರನ್ನು ಕಂಡು ಎದ್ದು ನಿಂತು ಹೆಗಲ ಮೇಲಿನ ಟವೆಲ್ ಕೆಳಗೆ ತೆಗೆದ.

"ಬಂದ್ರಾ ಅಕ್ಕೋರೆ. ದೂರದಿಂದ ಬಂದ್ರಿ" ಎಂದು ಚಾಪೆ ಹಾಸಿದ. ನಾವು ಕೂತೆವು. ಆಮೇಲೆ ಅವನೇ ಹೇಳಿದ, "ಹೆಡ್‌ಮಾಸ್ತರ್ರು ಬಂದಿದ್ರು ಬೆಳಿಗ್ಗೆ. ನಿನ್ ಮಗ ತಂದುಕೊಟ್ಟಿದ್ದಕ್ಕೇ ಶಾಲೆಗೆ ಫಸ್ಟ್ ಬಂತು ಅಂದ್ರು. ಹೌದಾ ಅಕ್ಕೋರೆ?"

ಅಕ್ಕೋರು ಈಗ ಸಿಡಿಯುತ್ತಾರೆ ಎಂದುಕೊಂಡೆ. ಅವರು ಅವನ ಮುಖವನ್ನೇ ನೋಡುತ್ತಿದ್ದರು. "ಹೌದು. ಅವನು ತಂದಿದ್ದಕ್ಕೇ ಬಂದಿದ್ದು" ಎಂದರು.

ಅವನು ಒಳಗೆ ತಿರುಗಿ ಹೆಂಡತಿಗೆ, "ಕೇಳ್ತಾ? ಅಕ್ಕೋರೂ ಹೌದು ಅಂದ್ರು" ಎಂದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಹೂವಪ್ಪನ ತಮ್ಮನನ್ನು ಕೈಹಿಡಿದು ಮುಂದೆ ತಂದ. "ಇವನೂ ಬರೋ ವರ್ಷ ಹೈಸ್ಕೂಲಿಗೆ ಬತ್ತಾನೆ. ಅಣ್ಣನಂಗೇ ಚುರುಕು, ಕಾಡೆಲ್ಲ ಗೊತ್ತು. ಇವನ್ನೂ ಆ ಕೆಲ್ಸಕ್ಕೆ ಸೇರಿಸ್ಕಳಿ ಅಂತ ಹೆಡ್‌ಮಾಸ್ತರ್ರಿಗೆ ಹೇಳಿದೀನಿ."

ಅಕ್ಕೋರು ಚಾಪೆಯಿಂದ ಸರಿದು ಅವನ ಪಕ್ಕ, ಬರೀ ನೆಲದ ಮೇಲೆ ಕೂತರು. ಹೇಳಲು ಶುರುಮಾಡಿದರು. ಕೋಪವಿಲ್ಲದೆ, ತರಗತಿಯಲ್ಲಿ ಅರ್ಥವಾಗದ ಹುಡುಗನಿಗೆ ಎರಡನೇ ಸಲ ಹೇಳುವ ಹಾಗೆ. ಮಂಗ ಯಾಕೆ ಸಾಯುತ್ತದೆ, ಉಣುಗು ಎಲ್ಲಿರುತ್ತದೆ, ಹೂವಪ್ಪ ತಂದ ಬಾಟಲಿಯಲ್ಲಿ ಏನಿತ್ತು, ಅದೇ ಅವನನ್ನು ಹೇಗೆ ಕೊಂದಿತು. ಹಿಂದಿನ ವರ್ಷ ಏನಾಗಿತ್ತು. ಸಾವ್ಕಾರರು ಸ್ವಂತ ಮಗನಿಗೆ ಏನು ಹೇಳಿದ್ದರು. ಯಾವುದನ್ನೂ ಬಿಡಲಿಲ್ಲ. ಅವನು ಟವೆಲ್ಲನ್ನು ಮಡಿಸುತ್ತ, ಬಿಚ್ಚುತ್ತ ಕೇಳಿದ.

"ಹಂಗಾರೆ ಅವ್ರಿಗೆ ಮೊದ್ಲೇ ಗೊತ್ತಿತ್ತಾ ಅಕ್ಕೋರೆ?"

"ಗೊತ್ತಿತ್ತು."

ಅವನು ಎದ್ದು ಹೆಂಡತಿಗೆ ಹೇಳಲು ಒಳಗೆ ಹೋದ. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದೆ. ಅಕ್ಕೋರು ನನ್ನ ಪಂಚೆಯ ತುದಿ ಹಿಡಿದು ಎಳೆದರು.

"ಕೂತ್ಕಳಿ ಮೇಷ್ಟ್ರೇ. ಹೇಳಿದ ಮೇಲೆ ಎದ್ದು ಹೋಗ್ಬಾರ್ದು."

ಒಳಗೆ ಅವನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ತಾಯಿಯ ದನಿ ಎದ್ದಿತು. ಅವಳು ಒಬ್ಬೊಬ್ಬರ ಹೆಸರು ಹಿಡಿದು ಶಪಿಸಿದಳು. ಹೆಡ್‌ಮಾಸ್ತರರನ್ನು, ಸಾವ್ಕಾರರನ್ನು, ಶಾಲೆಯನ್ನು, ಕೊನೆಗೆ ಮಕ್ಕಳನ್ನು ಬಿಟ್ಟು ಹೋದ ಅಕ್ಕೋರನ್ನು. ದೂರದ ರಸ್ತೆಯಲ್ಲಿ ಕೊನೆಯ ಬಸ್ಸು ಹೋದದ್ದು ಕೇಳಿಸಿತು. ಅಕ್ಕೋರು ತಲೆ ಬಗ್ಗಿಸದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಿದ್ದರು.